ಹುಟ್ಟು ಹಾಕುವ ಯಂತ್ರವೂ ನಮ್ಮ ಬೆನ್ನೂ



ಹತ್ತಿ ಬಿಡಿಸುವ ಕಾಲ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಟೊಂಕ ನೋವಿನ ಮಾತು ಹೆಚ್ಚುತ್ತದೆ. ಇತ್ತೀಚೆಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ನಮ್ಮ ಬಳಿಗೆ ಬರುತ್ತಿದೆ. ಕೇಳುವವರು ಯುವಕರು. ಆದೋನಿ, ಎಮ್ಮಿಗನೂರಿನಂಥ ಊರುಗಳಲ್ಲಿಯೂ ಈಗ ಜಿಮ್ ಎಂಬ ವ್ಯಾಯಾಮಶಾಲೆಗಳು ನಡೆಯುತ್ತಿವೆ. ಅಲ್ಲಿ 'ರೋಯಿಂಗ್' ಎಂಬ ಯಂತ್ರವಿರುತ್ತದೆ. ಅದರಲ್ಲಿ ಕುಳಿತು ಹಿಡಿಕೆ ಎಳೆದರೆ ಬೆನ್ನು ಗಟ್ಟಿಯಾಗುತ್ತದೆ ಎನ್ನುತ್ತಾರೆ, ಇದು ನಿಜವೇ ಎಂಬುದು ಅವರ ಪ್ರಶ್ನೆ. ಒಬ್ಬ ತಾಯಿ ಇದನ್ನೇ ಬೇರೆ ರೀತಿಯಲ್ಲಿ ಕೇಳಿದರು: "ಫಾದರ್, ಇವರಪ್ಪ ಮಾರ್ಕೆಟ್ಟಿನಾಗ ಚೀಲ ಹೊತ್ತು ಹೊತ್ತು ಟೊಂಕ ಕಳಕೊಂಡಾರ. ಇವನು ರೊಕ್ಕ ಕೊಟ್ಟು ಟೊಂಕ ಕಳಕೊಳ್ಳಾಕ ಹೊಂಟಾನಲ್ಲ?"

ಆ ತಾಯಿಯ ಮಾತಿನಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು. ದುಡಿಯುವವರ ಮನೆಯಲ್ಲಿ ಬೆನ್ನು ಹೋದರೆ ಹೊಲವೊಂದು ಹೋದ ಹಾಗೆ. ಆದುದರಿಂದ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳದೆ ಸ್ವಲ್ಪ ವಿವರವಾಗಿಯೇ ವಿಚಾರಿಸೋಣ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಜಿಮ್ಮಿನಲ್ಲಿ 'ರೋಯಿಂಗ್' ಎಂಬ ಒಂದೇ ಹೆಸರು ಎರಡು ಬೇರೆ ಬೇರೆ ಯಂತ್ರಗಳಿಗೆ ಇದೆ. ಒಂದರಲ್ಲಿ ಕೂರುವ ಪೀಠ ಕಂಬಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿದಾಡುತ್ತದೆ. ಹಿಡಿಕೆ ಎಳೆದಂತೆ ಮುಂದಿರುವ ಚಕ್ರ ಗಾಳಿಯನ್ನು ಬೀಸುತ್ತಾ ತಿರುಗುತ್ತದೆ. ಇದು ದೋಣಿಯಲ್ಲಿ ಹುಟ್ಟು ಹಾಕುವುದರ ನಕಲು. ಇನ್ನೊಂದರಲ್ಲಿ ಪೀಠ ಅಲುಗಾಡುವುದಿಲ್ಲ; ತಂತಿಯ ತುದಿಗೆ ಕಬ್ಬಿಣದ ಬಿಲ್ಲೆಗಳ ತೂಕ ಕಟ್ಟಿರುತ್ತದೆ, ಅದನ್ನು ಹೊಟ್ಟೆಯ ಕಡೆಗೆ ಎಳೆಯಬೇಕು. ಮೊದಲನೆಯದು ಕಾಲು, ಬೆನ್ನು, ತೋಳು, ಉಸಿರು ಎಲ್ಲಕ್ಕೂ ಕೆಲಸ ಕೊಡುತ್ತದೆ. ಎರಡನೆಯದು ಮುಖ್ಯವಾಗಿ ಬೆನ್ನಿನ ಮೇಲ್ಭಾಗಕ್ಕೆ ಮತ್ತು ತೋಳಿಗೆ. ಬೆನ್ನಿನ ಸ್ನಾಯು ಬೆಳೆಸಬೇಕೆಂದು ಮೊದಲನೆಯದರ ಮೇಲೆ ಕುಳಿತು ಸೊಂಟದಿಂದಲೇ ಜಗ್ಗುವ ಹುಡುಗರೇ ತೊಂದರೆಗೆ ಸಿಕ್ಕುವುದು.

ಹುಟ್ಟು ಹಾಕುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕೌತಾಳಂ, ಕೋಸಿಗಿ, ಮಂತ್ರಾಲಯದ ಕಡೆಯವರಿಗೆ ತುಂಗಭದ್ರೆಯ ಹರಿಗೋಲು ಗೊತ್ತು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಬುಟ್ಟಿಯಂತೆ ದುಂಡಗಿರುವ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಆದರೆ ಹರಿಗೋಲಿನವನು ಕುಳಿತೋ ನಿಂತೋ ತೋಳು ಮತ್ತು ಹೆಗಲಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಪಂದ್ಯದ ದೋಣಿಯಲ್ಲಿ ಹಾಗಲ್ಲ. ಅಲ್ಲಿ ಪೀಠಕ್ಕೆ ಗಾಲಿಗಳಿವೆ. ಕಾಲನ್ನು ಹಲಗೆಗೆ ಊರಿ ಒದ್ದಾಗ ಇಡೀ ದೇಹ ಹಿಂದಕ್ಕೆ ಸರಿಯುತ್ತದೆ. ಬಲದ ಹೆಚ್ಚಿನ ಪಾಲು ತೊಡೆಯಿಂದ ಬರುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ದೇಶಗಳಲ್ಲಿ ದಡದ ಮೇಲೆಯೇ ಅಭ್ಯಾಸ ಮಾಡಲು ಇಂಥ ಯಂತ್ರಗಳು ಹುಟ್ಟಿದವು. ಇಂದು ಹೆಚ್ಚು ಬಳಕೆಯಲ್ಲಿರುವ ಗಾಳಿಚಕ್ರದ ಯಂತ್ರವನ್ನು ಅಮೆರಿಕದ ವರ್ಮಾಂಟ್ ರಾಜ್ಯದ ಡಿಕ್ ಮತ್ತು ಪೀಟ್ ಡ್ರೈಸಿಗ್ಯಾಕರ್ ಎಂಬ ಅಣ್ಣತಮ್ಮಂದಿರು 1981ರಲ್ಲಿ ಮಾರುಕಟ್ಟೆಗೆ ತಂದರು. ಅವರ ಮೊದಲ ಯಂತ್ರದಲ್ಲಿ ತಿರುಗುತ್ತಿದ್ದುದು ಸೈಕಲ್ಲಿನ ಚಕ್ರವೇ!

ನಮ್ಮ ಕರ್ನೂಲಿನವರಿಗೂ ಈ ಕ್ರೀಡೆಯಲ್ಲಿ ಹೆಸರಿದೆ. 2022ರವರೆಗೆ ನಮ್ಮದೇ ಜಿಲ್ಲೆಯಲ್ಲಿದ್ದ ನಂದ್ಯಾಲ ಕಡೆಯ ಸೈನಿಕ ನಾರಾಯಣ ಕೊಂಗನಪಲ್ಲೆ ಕರ್ತವ್ಯದಲ್ಲಿದ್ದಾಗ ನೆಲಬಾಂಬು ಸಿಡಿದು ಒಂದು ಕಾಲಿನ ಕೆಳಭಾಗವನ್ನು ಕಳೆದುಕೊಂಡವರು. ಬಳಿಕ ಸೈನ್ಯದ ತರಬೇತಿಯಲ್ಲಿ ಹುಟ್ಟು ಹಾಕುವುದನ್ನು ಕಲಿತು, ಅನಿತಾ ಎಂಬ ಜೊತೆಗಾರ್ತಿಯೊಂದಿಗೆ 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ ಬೆಳ್ಳಿ ಪದಕ ಪಡೆದರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿಯೂ ಸ್ಪರ್ಧಿಸಿ ಎಂಟನೆಯ ಸ್ಥಾನಕ್ಕೆ ಬಂದರು. ಯಂತ್ರದ ಮೇಲೆ ಕೂರುವ ನಮ್ಮ ಹುಡುಗರಲ್ಲಿ ಎಷ್ಟು ಜನರಿಗೆ ಈ ಹೆಸರು ಗೊತ್ತು ಎಂದು ನಾವು ಕೇಳಿ ನೋಡಿದೆವು. ಒಬ್ಬರಿಗೂ ಗೊತ್ತಿರಲಿಲ್ಲ!

ಈಗ ನಮ್ಮ ಬೆನ್ನಿನ ಸಂಗತಿಗೆ ಬರೋಣ. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಆದವಾನಿ, ಆಲೂರು ಸೀಮೆಯಲ್ಲಿ ಕೆಲಸವೆಂದರೆ ಬಾಗುವ ಕೆಲಸ. ಮುಂಗಾರಿನಲ್ಲಿ ಕಳೆ ತೆಗೆಯುವುದು, ಶೇಂಗಾ ಕೀಳುವುದು, ಈರುಳ್ಳಿ ಕೀಳುವುದು, ಆಮೇಲೆ ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುವುದು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಹೊಳಗುಂದಿ, ಪೆದ್ದಕಡುಬೂರು ಕಡೆಯ ಹಳ್ಳಿಗಳಿಗೆ ಹಳ್ಳಿಗಳೇ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುತ್ತವೆ. ಅಲ್ಲಿಯೂ ಬಾಗುವ ಕೆಲಸವೇ. ಇನ್ನು ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರ ಕೆಲಸ ಹೊರುವ ಕೆಲಸ. ಒಬ್ಬ ವಯಸ್ಕ ಗಂಡಾಳು ಕೈಯಿಂದ ಎತ್ತಿ ಸಾಗಿಸುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿದೆ. ನಮ್ಮಲ್ಲಿ ಹಮಾಲನ ಬೆನ್ನಿಗೇರುವ ಚೀಲವನ್ನು ಯಾರು ತೂಗಿ ನೋಡುತ್ತಾರೆ? ತೂಗುವುದು ಮಾಲಿನ ಬೆಲೆಗಾಗಿ ಮಾತ್ರ.

"ದಿನವಿಡೀ ಇಷ್ಟೆಲ್ಲ ದುಡಿಯುವವರ ಬೆನ್ನು ತಾನಾಗಿಯೇ ಗಟ್ಟಿಯಾಗಬೇಕಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಇದು ಒಳ್ಳೆಯ ಪ್ರಶ್ನೆ, ಉತ್ತರವೂ ಸ್ವಾರಸ್ಯವಾಗಿದೆ. ನಾವು ನಿಧಾನವಾಗಿ ಮುಂದಕ್ಕೆ ಬಾಗುತ್ತಾ ಹೋದಾಗ ಸ್ವಲ್ಪ ದೂರದವರೆಗೆ ಬೆನ್ನಿನ ಸ್ನಾಯುಗಳು ದೇಹವನ್ನು ಹಿಡಿದಿರುತ್ತವೆ. ಪೂರ್ತಿ ಬಾಗಿ ಜೋತುಬಿದ್ದಾಗ ಅವು ಕೆಲಸ ನಿಲ್ಲಿಸಿಬಿಡುತ್ತವೆ. ಇಂಗ್ಲೆಂಡಿನ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ವಿಜ್ಞಾನಿಗಳು ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಅಳೆದು 1955ರಲ್ಲಿ ಇದನ್ನು ವಿವರಿಸಿದರು. ಹಾಗಾದರೆ ದೇಹವನ್ನು ಹಿಡಿದಿಡುವುದು ಯಾವುದು? ಎಲುಬಿನಿಂದ ಎಲುಬಿಗೆ ಕಟ್ಟಿರುವ ತಂತುಗಳು ಮತ್ತು ಎಲುಬುಗಳ ನಡುವಿನ ಮೆತ್ತೆಗಳಾದ ಡಿಸ್ಕುಗಳು. ಅಂದರೆ ಹತ್ತಿ ಹೊಲದಲ್ಲಿ ಎಂಟು ತಾಸು ಬಾಗಿದ ಹೆಣ್ಣುಮಗಳ ಬೆನ್ನಿನ ಸ್ನಾಯುವಿಗೆ ವ್ಯಾಯಾಮ ಸಿಕ್ಕಿರುವುದು ಕಡಿಮೆ; ತಂತುಗಳು ಹಿಗ್ಗಿರುವುದು ಹೆಚ್ಚು. ಹಿಗ್ಗಿದ ತಂತು ಕೂಡಲೇ ಮೊದಲಿನ ಬಿಗಿಗೆ ಬರುವುದಿಲ್ಲ. ಆ ಹೊತ್ತಿಗೇ, "ಬಾ ಇಲ್ಲಿ, ಚೀಲಕ್ಕೆ ಒಂದು ಕೈ ಹಾಕು" ಎಂದು ಕರೆಯುತ್ತಾರೆ. ಟೊಂಕ ಹಿಡಿಯುವುದು ಆಗ.

ಹಮಾಲನ ಕಥೆ ಸ್ವಲ್ಪ ಬೇರೆ. ಅವನ ತೊಡೆ, ಮೀನಖಂಡ, ಕತ್ತು ಬಲವಾಗಿರುತ್ತವೆ. ಭಾರ ಮಾತ್ರ ಯಾವಾಗಲೂ ಮೇಲಿನಿಂದ ಒತ್ತುತ್ತದೆ, ಬೆನ್ನು ಯಾವಾಗಲೂ ಮುಂದಕ್ಕೇ ಬಾಗಿರುತ್ತದೆ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿನೊಳಕ್ಕೆ ಸೂಜಿ ಇಳಿಸಿ ಒತ್ತಡವನ್ನು ಅಳೆದರು. ಮಲಗಿದಾಗ ಒತ್ತಡ ಕಡಿಮೆ, ನಿಂತಾಗ ಅದಕ್ಕಿಂತ ಹೆಚ್ಚು, ಮುಂದೆ ಬಾಗಿ ತೂಕ ಹಿಡಿದಾಗ ಬಹಳ ಹೆಚ್ಚು. ಸೊಂಟದ ಐದು ಎಲುಬುಗಳಲ್ಲಿ ಕೆಳಗಿನ ಎರಡರ ಹತ್ತಿರವೇ ಡಿಸ್ಕು ಹೊರಕ್ಕೆ ಉಬ್ಬಿ ಕಾಲಿನ ನರವನ್ನು ಒತ್ತುವುದು ಸಾಮಾನ್ಯ.

ಈ ದುಡಿಮೆಗಳಲ್ಲಿ ಬಾಗುವುದಿದೆ, ಹೊರುವುದಿದೆ. ಬೆನ್ನು ನೆಟ್ಟಗೆ ಇಟ್ಟುಕೊಂಡು ಭಾರವನ್ನು ತನ್ನ ಕಡೆಗೆ ಎಳೆಯುವ ಕೆಲಸ ಮಾತ್ರ ಬಹಳ ಕಡಿಮೆ. ಹಿಂದೆ ಇತ್ತು. ಸೇದೋ ಬಾವಿಯಲ್ಲಿ ಗಡಗಡಿಗೆ ಹಗ್ಗ ಹಾಕಿ ಕೈಮೇಲೆ ಕೈಯಿಟ್ಟು ಕೊಡ ಎಳೆಯುತ್ತಿದ್ದ ನಮ್ಮ ಅಜ್ಜಿಯರ ಹೆಗಲು ನೆಟ್ಟಗಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಕಂಕುಳ ಕೆಳಗಿನಿಂದ ಹರಡಿ ಸೊಂಟದವರೆಗೆ ಇಳಿಯುವ ಅಗಲವಾದ ಸ್ನಾಯು, ಎರಡು ಹೆಗಲ ಹಲಗೆಗಳನ್ನು ಹತ್ತಿರಕ್ಕೆ ತರುವ ಸ್ನಾಯು, ಬೆನ್ನೆಲುಬಿನ ಎರಡು ಪಕ್ಕ ಹಗ್ಗದಂತೆ ನಿಂತಿರುವ ಸ್ನಾಯು, ಇವು ಮೂರೂ ಎಳೆಯುವ ಕೆಲಸದಲ್ಲಿ ಬೆಳೆಯುತ್ತವೆ. ಜಿಮ್ಮಿನ ಹುಡುಗರು 'ಲ್ಯಾಟ್ಸ್' ಎನ್ನುವುದು ಮೊದಲನೆಯದನ್ನು. ಈ ದೃಷ್ಟಿಯಿಂದ ನೋಡಿದರೆ ಎಳೆಯುವ ಯಂತ್ರ ನಮ್ಮವರಿಗೆ ಬೇಡದ ವಸ್ತುವೇನೂ ಅಲ್ಲ. ಬೇಕಾದ ವಸ್ತುವೇ. ಆದರೆ ಕಲಿತು ಎಳೆಯಬೇಕು.

ಮೇಲೆ ಹೇಳಿದ ತಾಯಿಯ ಮಗನ ವಿಷಯವನ್ನೇ ತೆಗೆದುಕೊಳ್ಳೋಣ. ಹುಡುಗ ಸೈನ್ಯದ ಭರ್ತಿಗೆ ತಯಾರಾಗುತ್ತಿದ್ದ. ಒಂದು ಜಿಮ್ಮಿಗೆ ಸೇರಿದ. ಯಂತ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿಯಿರುವ ಒಂದು ಸನ್ನೆ ಇರುತ್ತದೆ. ಗಂಡಸಾದವನು 10ಕ್ಕೆ ಇಡಬೇಕೆಂದು ಗೆಳೆಯರು ಹೇಳಿದರು, ಇಟ್ಟ. ಮೊದಲ ದಿನವೇ ಅರ್ಧ ತಾಸು ಎಳೆದ. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಮುಂದಕ್ಕೆ ಹೋಗುವುದು, ಕಾಲು ಚಾಚುವ ಮೊದಲೇ ಸೊಂಟದಿಂದ ಜಗ್ಗಿ ಹಿಂದಕ್ಕೆ ಬೀಳುವುದು, ಹೀಗೆ ಮೂರು ವಾರ. ನಾಲ್ಕನೆಯ ವಾರ ಎಡಗಡೆಯ ಪಿರ್ರೆಯಿಂದ ಮೀನಖಂಡದವರೆಗೆ ಮಿಂಚು ಹೊಡೆದಂತೆ ನೋವು. ಡಿಸ್ಕು ನರವನ್ನು ಒತ್ತುತ್ತಿದೆ ಎಂದರು ವೈದ್ಯರು. ಪುಣ್ಯಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಇಂಥ ನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಆ ಸಲದ ಭರ್ತಿ ಅವನಿಗೆ ತಪ್ಪಿತು. ಅಪ್ಪನ ಟೊಂಕ ಹೋದ ಮನೆಯಲ್ಲಿ ಮಗನ ಭರ್ತಿ ತಪ್ಪುವುದೆಂದರೆ ಏನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲಿ ಯಂತ್ರದ ದೋಷ ಎಷ್ಟು? ಅಂತರರಾಷ್ಟ್ರೀಯ ಮಟ್ಟದ ಹುಟ್ಟುಗಾರರಲ್ಲಿಯೂ ಕೆಳಬೆನ್ನಿನ ನೋವು ಸಾಮಾನ್ಯ. ಆದರೆ ಅವರು ಎಳೆಯುವುದು ವಾರಕ್ಕೆ ಹತ್ತಾರು ತಾಸು. ನಮ್ಮ ಹುಡುಗನಿಗೆ ತೊಂದರೆಯಾದದ್ದು ಕ್ರಮ ತಪ್ಪಿದ್ದರಿಂದ. ಕ್ರಮವನ್ನು ತಿಳಿಯಲು ನಮ್ಮ ಎತ್ತುಗಳನ್ನು ನೋಡಿದರೆ ಸಾಕು. ಜಾತ್ರೆಯಲ್ಲಿ ಕಲ್ಲು ಎಳೆಯುವ ಸ್ಪರ್ಧೆ ನಡೆಯುವಾಗ ಒಳ್ಳೆಯ ಎತ್ತು ಏನು ಮಾಡುತ್ತದೆ? ಕತ್ತಿನಿಂದ ಜಗ್ಗುವುದಿಲ್ಲ. ಹಿಂಗಾಲುಗಳನ್ನು ನೆಲಕ್ಕೆ ಊರಿ ಒದೆಯುತ್ತದೆ; ಬೆನ್ನು ಆ ಬಲವನ್ನು ನೊಗಕ್ಕೆ ಸಾಗಿಸುತ್ತದೆ ಅಷ್ಟೆ. ಯಂತ್ರದಲ್ಲಿ ನಮ್ಮ ಕೈಗಳೇ ನೊಗ.

ಪಾದದ ಪಟ್ಟಿಯನ್ನು ಬೆರಳುಗಳ ಬುಡದ ಅಗಲವಾದ ಭಾಗದ ಮೇಲೆ ಬಿಗಿಯಬೇಕು. ಮುಂದಕ್ಕೆ ಸರಿದಾಗ ಮೊಣಕಾಲ ಕೆಳಗಿನ ಎಲುಬು ನೆಟ್ಟಗೆ ನಿಲ್ಲುವಷ್ಟು ಬಂದರೆ ಸಾಕು. ಅದಕ್ಕಿಂತ ಮುಂದೆ ಹೋಗಲೆಂದು ಬೆನ್ನು ಬಗ್ಗಿಸಬಾರದು. ಆ ಸ್ಥಿತಿಯಲ್ಲಿ ತೋಳು ಚಾಚಿರಲಿ, ಎದೆ ತೆರೆದಿರಲಿ. ದೇಹ ಸ್ವಲ್ಪ ಮುಂದಕ್ಕೆ ವಾಲಿರಬೇಕು, ಆದರೆ ವಾಲುವುದು ತೊಡೆಯ ಬುಡದ ಕೀಲಿನಿಂದ, ಸೊಂಟದ ಎಲುಬಿನಿಂದ ಅಲ್ಲ. ಈಗ ಮೊದಲು ಕಾಲು ಒದೆಯಬೇಕು. ಕಾಲು ಬಹುಮಟ್ಟಿಗೆ ನೆಟ್ಟಗಾದ ಮೇಲೆ ದೇಹ ಹಿಂದಕ್ಕೆ ವಾಲಬೇಕು. ಎಷ್ಟು? ಗಡಿಯಾರದಲ್ಲಿ 12ರ ಗೆರೆ ನೆಟ್ಟಗಿದೆಯಲ್ಲ, ಅದರ ಆಚೆಗೊಂದು ಗಂಟೆ ಈಚೆಗೊಂದು ಗಂಟೆ, ಅಷ್ಟೇ ಓಲಾಟ. ಕೊನೆಯಲ್ಲಿ ತೋಳು. ಹಿಡಿಕೆ ಎದೆಗೂಡಿನ ಕೆಳಗಿನ ಪಕ್ಕೆಲುಬುಗಳನ್ನು ಮುಟ್ಟಬೇಕು, ಗದ್ದದ ಕಡೆಗೆ ಹೋಗಬಾರದು. ಹಿಂದಿರುಗುವಾಗ ಇದರ ತಿರುವು: ತೋಳು ಚಾಚು, ದೇಹ ವಾಲಿಸು, ಆಮೇಲೆ ಮೊಣಕಾಲು ಮಡಿಸು. ಒದೆಯುವುದಕ್ಕೆ ಒಂದು ಎಣಿಕೆಯಾದರೆ ಹಿಂದಿರುಗುವುದಕ್ಕೆ ಎರಡು ಎಣಿಕೆ. ಎಳೆಯುವಾಗ ಉಸಿರು ಬಿಡಬೇಕು. ಉಸಿರು ಬಿಗಿಹಿಡಿದು ಜಗ್ಗುವವರಿಗೆ ರಕ್ತದೊತ್ತಡ ಏರುತ್ತದೆ, ಹೊಟ್ಟೆಯ ಮೇಲೂ ಒತ್ತಡ ಬೀಳುತ್ತದೆ. ಹರ್ನಿಯಾ ಇರುವವರಿಗೆ ಇದು ಒಳ್ಳೆಯದಲ್ಲ.

ಇನ್ನು ಆ ಸನ್ನೆ. ಅದು ಶಕ್ತಿಯ ಅಳತೆ ಅಲ್ಲ. ಚಕ್ರದೊಳಕ್ಕೆ ಎಷ್ಟು ಗಾಳಿ ಬಿಡಬೇಕೆಂಬುದರ ಅಳತೆ. ಸೈಕಲ್ಲಿನ ಗೇರು ಇದ್ದಂತೆ. ಹೆಚ್ಚಿಗೆ ಇಟ್ಟರೆ ಕೆಸರಿನಲ್ಲಿ ಬಂಡಿ ಎಳೆದಂತೆ ಭಾರವಾಗುತ್ತದೆ, ಮೊದಲ ಜಗ್ಗಿನ ಹೊರೆ ಸೊಂಟದ ಮೇಲೆ ಬೀಳುತ್ತದೆ. ಸಾಮಾನ್ಯರಿಗೆ 3ರಿಂದ 5ರೊಳಗೆ ಸಾಕು; ಯಂತ್ರ ಮಾಡುವವರೂ ಹೀಗೆಯೇ ಹೇಳುತ್ತಾರೆ. ಹೊಸಬರು ನಿಮಿಷಕ್ಕೆ 18ರಿಂದ 22 ಎಳೆತಗಳಂತೆ ಐದು ನಿಮಿಷ, ದಿನ ಬಿಟ್ಟು ದಿನ ಮಾಡಲಿ. ನೋವಿಲ್ಲದಿದ್ದರೆ ವಾರಕ್ಕೆ ಎರಡು ಮೂರು ನಿಮಿಷ ಏರಿಸುತ್ತಾ ಇಪ್ಪತ್ತು ನಿಮಿಷಕ್ಕೆ ತಲುಪಿದರೆ ಸಾಕು. ಬೆನ್ನು ದಣಿದು ಬಾಗತೊಡಗಿದ ಕ್ಷಣದಲ್ಲಿ ನಿಲ್ಲಿಸಬೇಕು, ಗಡಿಯಾರ ಏನೇ ತೋರಿಸಲಿ.

ಬಿಲ್ಲೆಗಳ ಯಂತ್ರದಲ್ಲಿ ಇಷ್ಟು ತಂತ್ರವಿಲ್ಲ. ಎದೆ ತೆರೆದು ಕುಳಿತು, ಮೊಣಕೈಗಳನ್ನು ಪಕ್ಕೆಗೆ ಸವರುವಂತೆ ಹಿಂದಕ್ಕೆ ತಂದು, ಹೆಗಲ ಹಲಗೆಗಳು ಒಂದನ್ನೊಂದು ಸಮೀಪಿಸಿದಾಗ ಒಂದು ಕ್ಷಣ ನಿಂತು, ನಿಧಾನವಾಗಿ ಬಿಡಬೇಕು. ಹತ್ತು ಹನ್ನೆರಡು ಸಲ ಎಳೆಯುವಾಗ ಕೊನೆಯ ಎರಡು ಕಷ್ಟವೆನಿಸುವಷ್ಟು ತೂಕ; ಇಂಥ ಎರಡು ಮೂರು ಸರದಿ, ವಾರಕ್ಕೆ ಎರಡು ದಿನ. ದೇಹವನ್ನು ತೊಟ್ಟಿಲಿನಂತೆ ತೂಗಿ ಎಳೆದರೆ ತೂಕ ಹೆಚ್ಚಾಯಿತೆಂದೇ ಅರ್ಥ. ಸೈನ್ಯದ ಭರ್ತಿಗೆ ಹೋಗುವವರು ಒಂದು ಮಾತು ತಿಳಿದಿರಲಿ. ಅಲ್ಲಿ 1.6 ಕಿಲೋಮೀಟರ್ ಓಟದ ಜೊತೆಗೆ ಅಡ್ಡಕಂಬಿ ಹಿಡಿದು ದೇಹವನ್ನು ಮೇಲೆಳೆಯುವ ಪರೀಕ್ಷೆ ಇದೆ. ಕುಳಿತು ಎಳೆಯುವ ಯಂತ್ರ ಅದಕ್ಕೆ ಸಹಾಯಕವೇ ಹೊರತು ಬದಲಿಯಲ್ಲ. ಕಂಬಿಗೆ ಜೋತುಬಿದ್ದೇ ಅಭ್ಯಾಸ ಮಾಡಬೇಕು.

ಆ ಹುಡುಗನ ತಂದೆಯೂ ಯಂತ್ರದ ಮೇಲೆ ಕೂರಬೇಕೇ? ಸಾಲದ ಕಂತಿನಂತೆ ಜಿಮ್ಮಿನ ತಿಂಗಳ ಶುಲ್ಕ ಕಟ್ಟುವುದು ಹಮಾಲನಿಗೆ ಬೇಡವೆಂದೇ ನಮ್ಮ ಅಭಿಪ್ರಾಯ. ಸುಗ್ಗಿಯ ದಿನಗಳಲ್ಲಿ ನೂರಾರು ಚೀಲ ಹೊತ್ತ ಬೆನ್ನಿಗೆ ಸಂಜೆ ಬೇಕಾದದ್ದು ವಿಶ್ರಾಂತಿ. ಆದರೆ ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ, ಹಾಗೂ ಹೊಲದ ಕೆಲಸದವರಿಗೆ ಬಿಡುವಿದ್ದಾಗ, ಎಳೆಯುವ ವ್ಯಾಯಾಮ ಬಹಳ ಉಪಕಾರಿ. ಅದಕ್ಕೆ ಯಂತ್ರವೇ ಬೇಕೆಂದಿಲ್ಲ.

ಹಳೆಯ ಸೈಕಲ್ ಟ್ಯೂಬು ಒಂದು ಸಾಕು. ಬಿರುಕು ಇಲ್ಲದ್ದನ್ನು ನೋಡಿ ತೆಗೆದುಕೊಂಡು, ಕತ್ತರಿಸಿ ಉದ್ದ ಮಾಡಿ, ಬೇವಿನ ಮರಕ್ಕೋ ಗಟ್ಟಿಯಾದ ಕಂಬಕ್ಕೋ ಎದೆಗಿಂತ ಸ್ವಲ್ಪ ಕೆಳಗೆ ಸುತ್ತಿ ಎರಡು ತುದಿಗಳನ್ನು ಹಿಡಿದುಕೊಳ್ಳಬೇಕು. ಟ್ಯೂಬು ಬಿಗಿಯಾಗುವಷ್ಟು ಹಿಂದೆ ಸರಿದು, ಮೊಣಕಾಲು ಸ್ವಲ್ಪ ಮಡಿಸಿ ನಿಂತು, ಬಿಲ್ಲೆಯ ಯಂತ್ರಕ್ಕೆ ಹೇಳಿದ ರೀತಿಯಲ್ಲಿಯೇ ಎಳೆಯಬೇಕು. ಹಗುರವೆನಿಸಿದರೆ ಒಂದು ಹೆಜ್ಜೆ ಹಿಂದೆ. ಟ್ಯೂಬನ್ನು ಪ್ರತಿಸಲ ಬೆರಳಿಂದ ಸವರಿ ನೋಡುವುದನ್ನು ಮರೆಯಬಾರದು. ಹರಿದು ಮುಖಕ್ಕೆ ಬಡಿದರೆ ಕಣ್ಣಿಗೆ ಅಪಾಯ. ಬಲವಿರುವ ಯುವಕರು ಸೊಂಟದೆತ್ತರಕ್ಕೆ ಭದ್ರವಾಗಿ ಹೂಳಿದ ಅಡ್ಡಪೈಪಿನ ಕೆಳಗೆ ಅಂಗಾತ ಮಲಗಿ, ಹಿಮ್ಮಡಿ ನೆಲದ ಮೇಲೆ ಇಟ್ಟು, ಎದೆಯನ್ನು ಪೈಪಿನವರೆಗೆ ಎಳೆದುಕೊಳ್ಳಬಹುದು. ಇದು ಯಾವ ಯಂತ್ರಕ್ಕೂ ಕಡಿಮೆಯಲ್ಲ. ಊರಲ್ಲಿ ಸೇದೋ ಬಾವಿ ಇನ್ನೂ ಬಳಕೆಯಲ್ಲಿದ್ದರೆ ಗಡಗಡಿ ಇರುವ ಕಡೆ ನೀರು ಸೇದಿರಿ. ಗಡಗಡಿ ಇಲ್ಲದೆ ಕಟ್ಟೆಯ ಮೇಲೆ ಬಾಗಿ ಸೇದುವುದು ಟೊಂಕಕ್ಕೆ ಕೆಟ್ಟದ್ದು, ಬಾವಿಗೆ ಬೀಳುವ ಭಯ ಬೇರೆ.

ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗರ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇವೆ. ವರ್ಷವೆಲ್ಲ ಏನೂ ಮಾಡದೆ ಅದೊಂದು ದಿನ, ಜನ ಸಿಳ್ಳೆ ಹೊಡೆಯುವಾಗ ಕಲ್ಲಿಗೆ ಕೈಹಾಕುವುದು ಸಾಹಸವಲ್ಲ. ಹಿಂದಿನ ಗರಡಿಮನೆಯವರು ತಿಂಗಳುಗಟ್ಟಲೆ ಸಾಮು ಮಾಡಿ ಎತ್ತುತ್ತಿದ್ದರು.

ಹೊಲದಲ್ಲಿ ದುಡಿಯುವ ತಾಯಂದಿರಿಗೆ ವ್ಯಾಯಾಮಕ್ಕಿಂತ ಮೊದಲು ಎರಡು ಮಾತು ಮುಖ್ಯ. ಬೆಳಿಗ್ಗೆ ಎದ್ದ ಮೊದಲ ತಾಸಿನಲ್ಲಿ ಡಿಸ್ಕುಗಳು ರಾತ್ರಿ ನೀರು ಹೀರಿ ಉಬ್ಬಿರುತ್ತವೆ. ಆಗ ಬಾಗಿ ಭಾರ ಎತ್ತುವುದು ಹೆಚ್ಚು ಅಪಾಯ. ಎದ್ದ ಕೂಡಲೇ ತುಂಬಿದ ಕೊಡ ಎತ್ತುವುದಕ್ಕಿಂತ ಸ್ವಲ್ಪ ಹೊತ್ತು ಓಡಾಡುವ ಕೆಲಸ ಮೊದಲು ಮಾಡಿರಿ. ಎರಡನೆಯದು, ಬಾಗಿ ಕೆಲಸ ಮಾಡಿದ ಮೇಲೆ ಚೀಲಕ್ಕೆ ಕೈ ಹಾಕುವ ಮುನ್ನ ಎರಡು ನಿಮಿಷ ನೆಟ್ಟಗೆ ನಿಂತು, ಕೈಗಳನ್ನು ಮೇಲಕ್ಕೆ ಚಾಚಿ, ನಾಲ್ಕು ಹೆಜ್ಜೆ ನಡೆಯಿರಿ. ಎರಡು ನಿಮಿಷ ಸುಮ್ಮನೆ ನಿಂತರೆ ಮೇಸ್ತ್ರಿ ಬೈಯುತ್ತಾನೆಂದು ಒಬ್ಬರು ಹೇಳಿದರು. ಮೇಸ್ತ್ರಿಗಳೂ ಈ ಪತ್ರಿಕೆ ಓದುತ್ತಾರೆಂದು ನಾವು ಬಲ್ಲೆವು; ಅದಕ್ಕಾಗಿಯೇ ಬರೆದಿದ್ದೇವೆ.

ಸೊಂಟದ ಪಟ್ಟಿಯ ಬಗ್ಗೆ ಅನೇಕರು ಕೇಳುತ್ತಾರೆ. ಬಹುಕಾಲದ ಕೆಳಬೆನ್ನು ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ವ್ಯಾಯಾಮ ಮತ್ತು ತಿಳುವಳಿಕೆಯನ್ನು ಅದು ಶಿಫಾರಸು ಮಾಡುತ್ತದೆ; ಸೊಂಟದ ಪಟ್ಟಿ, ಎಳೆದು ತೂಕ ಕಟ್ಟುವ ಚಿಕಿತ್ಸೆ, ಅಫೀಮಿನ ಜಾತಿಯ ನೋವುಮಾತ್ರೆ ಇವುಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಬೇಡವೆನ್ನುತ್ತದೆ. ನೋವಿಗೆಂದು ಪದೇಪದೇ ಸೂಜಿ ಚುಚ್ಚಿಸಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ದೊಡ್ಡ ಪಿಡುಗು. ಒಳಗೆ ಯಾವ ಔಷಧ ಇದೆಯೆಂದು ಕೇಳುವವರಿಲ್ಲ. ಸ್ಟಿರಾಯ್ಡನ್ನು ಬಹಳ ಕಾಲ ತೆಗೆದುಕೊಂಡರೆ ಎಲುಬು ಟೊಳ್ಳಾಗುತ್ತದೆ, ಡೈಕ್ಲೋಫೆನಾಕಿನಂಥ ನೋವಿನ ಔಷಧವನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಬೆಳಿಗ್ಗೆ ಸೂಜಿ, ಮಧ್ಯಾಹ್ನ ಚೀಲ ಎನ್ನುವವರಿಗೆ ನೋವು ತಿಳಿಯದಿರುವುದರಿಂದ ಹಾನಿ ಇನ್ನೂ ಹೆಚ್ಚುತ್ತದೆ.

ಎಲ್ಲ ಬೆನ್ನು ನೋವೂ ದುರ್ಬಲ ಸ್ನಾಯುವಿನದಲ್ಲ. ಕರ್ನೂಲು ಜಿಲ್ಲೆಯ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಲೆ ಬರುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದ ಕಡೆ ಕ್ರಮೇಣ ಕೀಲುಗಳೂ ಬೆನ್ನೆಲುಬೂ ಬಿರುಸಾಗುತ್ತವೆ. ಒಂದೇ ಓಣಿಯಲ್ಲಿ ಹಲವರಿಗೆ ಕತ್ತು, ಬೆನ್ನು ತಿರುಗಿಸಲು ಆಗದಂತೆ ಬಿಗಿಯಾಗುತ್ತಿದ್ದರೆ ನೋಡಬೇಕಾದದ್ದು ನೀರನ್ನು. ಅಂಥ ಬೆನ್ನನ್ನು ಯಂತ್ರದ ಮೇಲೆ ಜಗ್ಗಿ ಸಡಿಲಿಸಲು ಹೋಗಬಾರದು.

ಇನ್ನೊಂದು ಬೆನ್ನೆಲುಬಿನ ಕ್ಷಯ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಮಲಗಿದರೂ ಕಡಿಮೆಯಾಗದ ನೋವು, ಬೆನ್ನಿನ ನಡುವೆ ಒಂದು ಗೂನು ಎದ್ದಂತೆ ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ, ಉಜ್ಜುವುದು, ಎಣ್ಣೆ ಎಲ್ಲವನ್ನೂ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ. ಪಾದ ಮೇಲಕ್ಕೆ ಎತ್ತಲಾಗದಿದ್ದರೆ, ತೊಡೆಗಳ ಒಳಭಾಗ ಮತ್ತು ಕೂರುವ ಜಾಗ ಮರಗಟ್ಟಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋಗುತ್ತಿದ್ದರೆ, ನಾಳೆ ನೋಡೋಣ ಎನ್ನಬೇಡಿರಿ. ಅದೇ ದಿನ ಕರ್ನೂಲಿಗೋ ಬಳ್ಳಾರಿಗೋ, ಹತ್ತಿರವಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಒತ್ತಿದ ನರವನ್ನು ಬಿಡಿಸಲು ವೈದ್ಯರಿಗೆ ಸಿಗುವ ಸಮಯ ಬಹಳ ಕಡಿಮೆ.

ಆ ಹುಡುಗ ಎರಡು ತಿಂಗಳ ಬಳಿಕ ವೈದ್ಯರ ಒಪ್ಪಿಗೆ ಪಡೆದು ಮತ್ತೆ ಜಿಮ್ಮಿಗೆ ಹೋಗುತ್ತಿದ್ದಾನೆ. ಸನ್ನೆ 4ರಲ್ಲಿದೆ. ತಂದೆಗೆ ಸೈಕಲ್ ಟ್ಯೂಬು ಕಟ್ಟಿಕೊಟ್ಟವನೂ ಅವನೇ. ಮುಂದಿನ ಭರ್ತಿಯ ದಿನಾಂಕ ಗೊತ್ತಾದ ಕೂಡಲೇ ತಿಳಿಸಬೇಕೆಂದು ಆ ತಾಯಿ ನಮಗೆ ಹೇಳಿಟ್ಟಿದ್ದಾರೆ.